ಪೀಠವೇರಿದ ವಿರಕ್ತ: ಅಫೂ, ಅಲ್ಲಮ ಮತ್ತು ಸಿದ್ಧರಾಮ

ಮುಂಬಯಿಯ ವಡಾಲಾದ ಪೂರ್ವಕ್ಕೆ ಆಂಟಾಪ್ ಹಿಲ್ ಎಂಬ ದಿಬ್ಬವಿರುವುದು ಈ ನಗರದ ಕನ್ನಡಿಗರೆಲ್ಲರಿಗೂ ತಿಳಿದ ಸಂಗತಿ. ಅಲ್ಲಿಯ ಸರಕಾರಿ ವಸತಿಗೃಹಗಳಲ್ಲಿ ಬಾಳಿದ ಅನೇಕ ಸಂಸಾರಗಳಿಗೆ ಅದು ವಿಳಾಸದ ಒಂದು ಸಾಲು ಮಾತ್ರ. ಆ ದಿಬ್ಬದ ಷೇಖ್ ಮಿಸ್ರಿ ದರ್ಗಾದ ಮುಂದೆ ದಿನವೂ ಹಾದುಹೋಗುವವರಲ್ಲಿ ಆ ಹೆಸರಿನ ಅರ್ಥವನ್ನು ಕುರಿತು ನಿಂತು ಯೋಚಿಸಿದವರು ವಿರಳ. ಮಿಸ್ರ್ ಎಂದರೆ ಈಜಿಪ್ತ ದೇಶ. ಮಿಸ್ರಿ ಎಂದರೆ ಆ ದೇಶದವನು. ಹೀಗೆ ಈ ದಿಬ್ಬದ ಮೇಲೆ ಈಜಿಪ್ತದ ಒಬ್ಬ ಸಾಧುವಿನ ಹೆಸರು ನಿಂತುಕೊಂಡಿದೆ. ಆತನು ಇಸ್ಲಾಂ ಪರಂಪರೆಯ ಸಂತ. ಈ ಲೇಖನದ ವಿಷಯ ಆತನಲ್ಲ. ಆದರೆ ಏಕಾಂತವಾಸಿಯ ಹೆಸರು ನಿಂತೆಡೆಗೆ ಕೊನೆಗೆ ಊರೇ ನಡೆದುಬರುತ್ತದೆ ಎಂಬ ಮಾತಿಗೆ ಆ ದರ್ಗಾದ ಸುತ್ತಣ ಮನೆಗಳ ದಟ್ಟಣೆಯೇ ಸಾಕ್ಷಿಯಾಗಿದೆ. ವಿರಕ್ತನು ಕಾಲವಾದ ಮೇಲೆ ಊರು ಬಂದರೆ ಅವನಿಗೆ ಬಾಧಕವಿಲ್ಲ. ಅವನು ಬದುಕಿರುವಾಗಲೇ ಊರು ಬಂದು, ‘ಎದ್ದು ಬಾ, ನಮ್ಮ ಪೀಠದಲ್ಲಿ ಕುಳಿತುಕೋ’ ಎಂದರೆ ಏನಾಗುತ್ತದೆ? ಈ ಪ್ರಶ್ನೆಯನ್ನು ಈಜಿಪ್ತದ ಕ್ರೈಸ್ತ ಚರಿತ್ರಕಾರರೂ ಕನ್ನಡದ ಶಿವಕವಿಗಳೂ ತಮ್ಮ ತಮ್ಮ ರೀತಿಯಲ್ಲಿ ಎದುರಿಸಿರುವರು. ಎರಡನ್ನೂ ಒಟ್ಟಿಗಿಟ್ಟು ನೋಡಿದಾಗ ನಮ್ಮ ಕಾವ್ಯಗಳ ಒಂದು ಗುಣವೂ ಒಂದು ಕೊರತೆಯೂ ಏಕಕಾಲಕ್ಕೆ ಗೋಚರಿಸುತ್ತವೆ.

ಇಸ್ಲಾಂ ಹುಟ್ಟುವುದಕ್ಕೆ ಎರಡು ಶತಮಾನಗಳ ಹಿಂದೆ, ನೈಲ್ ನದಿಯ ಪಶ್ಚಿಮಕ್ಕೆ, ಗ್ರೀಕರು ಆಕ್ಸಿರಿಂಕಸ್ ಎಂದೂ ನಾಡವರು ಪೆಮ್ಜೆ ಎಂದೂ ಕರೆಯುತ್ತಿದ್ದ ಪಟ್ಟಣದ ಆಚೆಯ ಮರಳುಗಾಡಿನಲ್ಲಿ ಅಫೂ ಎಂಬ ವಿರಕ್ತನೊಬ್ಬನಿದ್ದನು. ಆತನ ಚರಿತ್ರೆ ಕಾಪ್ಟಿಕ್ ಭಾಷೆಯಲ್ಲಿದೆ. ಇಟಲಿಯ ಟ್ಯೂರಿನ್ ನಗರದ ಪಪೈರಸ್ ಹಸ್ತಪ್ರತಿಗಳಲ್ಲಿ ಉಳಿದು, ೧೯ನೆಯ ಶತಮಾನದ ಉತ್ತರಾರ್ಧದಲ್ಲಿ ಬೆಳಕಿಗೆ ಬಂದಿತು. ಬಹುಕಾಲ ಅದರತ್ತ ಹೆಚ್ಚು ಗಮನ ಹರಿಯಲಿಲ್ಲ. ೧೯೬೫ರಲ್ಲಿ ಜಾರ್ಜ್ ಫ್ಲೊರೊವ್ಸ್ಕಿ ಎಂಬ ರಷ್ಯನ್ ವಿದ್ವಾಂಸರು ಬರೆದ ಪ್ರಬಂಧದಿಂದ ಆ ಕೃತಿಗೆ ಮತ್ತೆ ವಾಚಕರು ದೊರೆತರು. ಅದೇ ೧೯೬೫ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಶೂನ್ಯಸಂಪಾದನೆಯ ಇಂಗ್ಲಿಷ್ ಅನುವಾದದ ಮೊದಲನೆಯ ಸಂಪುಟವನ್ನು ಹೊರತಂದಿತೆಂಬುದೂ, ಆ ಅನುವಾದಕರಲ್ಲಿ ಡಾ. ನಂದೀಮಠ, ಡಾ. ಹಿರೇಮಠರ ಜತೆಗೆ ಆರ್ಮಾಂಡೊ ಮೆನೆಜಿಸ್ ಎಂಬ ಕ್ರೈಸ್ತ ಕವಿಯೂ ಇದ್ದರೆಂಬುದೂ ಆಕಸ್ಮಿಕವೇ ಇರಬಹುದು, ಆದರೂ ಸ್ಮರಣೀಯ.

ಅಫೂವಿನ ಚರಿತ್ರಕಾರನು ಬಹಳ ಕಡಿಮೆ ಮಾತಿನವನು. ಗುರುಗಳು ತೀರಿದ ಮೇಲೆ ಅಫೂ ಮನುಷ್ಯರ ನೆರೆಯನ್ನು ಬಿಟ್ಟು ಹುಲ್ಲೆಗಳ ಹಿಂಡಿನಲ್ಲಿ ಸೇರಿಕೊಂಡನು. ಚಳಿಗಾಲದಲ್ಲಿ ಆ ಮೃಗಗಳು ಅವನನ್ನು ಸುತ್ತುವರಿದು ಉಸಿರಿನಿಂದ ಬೆಚ್ಚಗಿಟ್ಟವು, ಬೇಸಗೆಯಲ್ಲಿ ನೆರಳಾದವು. ವರ್ಷಕ್ಕೊಮ್ಮೆ, ಕ್ರಿಸ್ತನ ಪುನರುತ್ಥಾನದ ಹಬ್ಬಕ್ಕೆ, ಗುರುತು ತೋರದೆ ಪೆಮ್ಜೆಯ ದೇವಾಲಯಕ್ಕೆ ಬಂದು ಉಪದೇಶವನ್ನು ಕೇಳಿ ಮರಳುವುದು ಆತನ ವಾಡಿಕೆ. ಹಾಗೆ ಬಂದಾಗ ಒಮ್ಮೆ ಅಲೆಕ್ಸಾಂಡ್ರಿಯದ ಮಹಾಧರ್ಮಾಧ್ಯಕ್ಷ ಥಿಯೋಫಿಲಸನು ನಾಡಿನ ದೇವಾಲಯಗಳಿಗೆಲ್ಲ ಕಳುಹಿಸಿದ ಹಬ್ಬದ ಪತ್ರವನ್ನು ಓದಲಾಯಿತು. ೩೯೯ನೆಯ ಇಸವಿಯ ಪತ್ರವದು. ದೇವರ ಮಹಿಮೆಯನ್ನು ಎತ್ತಿಹಿಡಿಯುವ ಭರದಲ್ಲಿ, ಮನುಷ್ಯನು ಹೊತ್ತಿರುವ ರೂಪ ದೇವರ ಪ್ರತಿರೂಪವಲ್ಲವೆಂಬ ಅರ್ಥದ ಮಾತು ಅದರಲ್ಲಿ ಸೇರಿಕೊಂಡಿತ್ತು. ಅಫೂ ಅದನ್ನು ಸಹಿಸಲಿಲ್ಲ. ಹರಕು ಅಂಗಿಯಲ್ಲಿಯೇ ಅಲೆಕ್ಸಾಂಡ್ರಿಯಕ್ಕೆ ಹೊರಟನು.

ಅಲ್ಲಿ ಆತನು ಮಹಾಧರ್ಮಾಧ್ಯಕ್ಷನ ಬಾಗಿಲಲ್ಲಿ ಮೂರು ದಿನ ನಿಂತನು. ಯಾರೂ ಒಳಗೆ ಬಿಡಲಿಲ್ಲ. ಕೊನೆಗೆ ಒಬ್ಬ ಪರಿಚಾರಕನು ಆತನ ತಾಳ್ಮೆಯನ್ನು ಕಂಡು ಒಳಗೆ ಹೋಗಿ, ಬಾಗಿಲಲ್ಲಿ ಬಡವನೊಬ್ಬನಿದ್ದಾನೆ, ತಕ್ಕ ಉಡುಪಿಲ್ಲವೆಂದು ಕರೆತರಲು ಅಂಜಿದೆವು ಎಂದು ಅರಿಕೆ ಮಾಡಿದನು. ಈ ಒಂದು ಸನ್ನಿವೇಶವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಇದೇ ಬಾಗಿಲು ಕಲ್ಯಾಣದಲ್ಲಿ ಮತ್ತೆ ಎದುರಾಗುವುದು.

ಮುಂದಿನ ಸಂವಾದ ಸ್ವಾರಸ್ಯವಾದುದು. ಕುಷ್ಠರೋಗಿಯಲ್ಲಿ, ಕುರುಡನಲ್ಲಿ, ಹೆಳವನಲ್ಲಿ ದೇವರ ಪ್ರತಿರೂಪವನ್ನು ಹೇಗೆ ಹೇಳುವುದು ಎಂಬುದು ಥಿಯೋಫಿಲಸನ ಆಕ್ಷೇಪ. ಅಫೂವಿನ ಸಮಾಧಾನ ಬಹು ಸರಳ. ಹಲಗೆಯ ಮೇಲೆ ಬಣ್ಣದಲ್ಲಿ ಬರೆದ ಅರಸನ ಚಿತ್ರಕ್ಕೆ ಅರಸನ ಮೂಗಿನ ಉಬ್ಬಿಲ್ಲ, ಮೈಯ ಉಸಿರಿಲ್ಲ. ಆದರೂ ಇದು ಅರಸನ ಚಿತ್ರವೆಂದು ಅರಸನೇ ಹೇಳಿದ ಮೇಲೆ ಅಲ್ಲವೆನ್ನಲು ಯಾರಿಗೂ ಅಧಿಕಾರವಿಲ್ಲ. ಮಹಾಧರ್ಮಾಧ್ಯಕ್ಷನು ಸೋತು, ತನ್ನ ಮಾತನ್ನು ತಿದ್ದಿ ಮತ್ತೆ ಪತ್ರಗಳನ್ನು ಬರೆದನೆಂದು ಚರಿತ್ರೆ ಹೇಳುತ್ತದೆ. ಥಿಯೋಫಿಲಸನು ಮುಂದೆ ನಡೆಸಿದ ರಾಜಕಾರಣವನ್ನು ಬಲ್ಲವರಿಗೆ ಈ ಸೋಲು ಅಷ್ಟು ನಿರ್ಮಲವಾಗಿ ತೋರಲಾರದು. ಮರಳುಗಾಡಿನ ಸಾಮಾನ್ಯ ವಿರಕ್ತರ ಕೋಪಕ್ಕೆ ಆತನು ಹೆದರಿದನೆಂದು ಬೇರೆ ಇತಿಹಾಸಕಾರರು ಬರೆದಿರುವರು. ಅದು ಬೇರೆಯ ವಿಚಾರ. ಅತಿ ದೀನನ ದೇಹದಲ್ಲಿಯೂ ದೈವದ ಗುರುತನ್ನು ಬಿಟ್ಟುಕೊಡದ ಅಫೂವಿನ ಹಟಕ್ಕೂ, ಕಾಯವನ್ನೇ ದೇವಾಲಯವೆಂದ ನಮ್ಮ ಶರಣರ ನಿಲವಿಗೂ ಇರುವ ನಂಟನ್ನು ಸಹೃದಯರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮೂರು ವರ್ಷಗಳ ತರುವಾಯ ಪೆಮ್ಜೆಯ ಧರ್ಮಾಧ್ಯಕ್ಷನು ತೀರಿಕೊಂಡನು. ಊರವರು ಬೇರೊಬ್ಬನನ್ನು ಸೂಚಿಸಿದರೂ ಥಿಯೋಫಿಲಸನು ಒಪ್ಪದೆ, ಅಫೂವೇ ಆಗಬೇಕೆಂದು ಅಪ್ಪಣೆ ಮಾಡಿದನು. ಹುಲ್ಲೆಗಳ ನಡುವಿನಿಂದ ಪೀಠಕ್ಕೆ ಬಂದ ಮೇಲೆಯೂ ಆತನು ಊರೊಳಗೆ ನೆಲಸಲಿಲ್ಲ. ಊರ ಹೊರಗಿನ ಮಠದಲ್ಲಿದ್ದು, ಶನಿವಾರ ಮತ್ತು ಭಾನುವಾರಗಳಂದು ಮಾತ್ರ ದೇವಾಲಯಕ್ಕೆ ಬಂದು ಜನಕ್ಕೆ ಬೋಧಿಸಿ, ಇರುಳನ್ನು ಪ್ರಾರ್ಥನೆಯಲ್ಲಿ ಕಳೆದು, ಮತ್ತೆ ಹಿಂದಿರುಗುತ್ತಿದ್ದನು. ಪರಿಚಾರಕನ ದೀಕ್ಷೆಯನ್ನು ಬಯಸಿದವನು ೨೫ ಕೀರ್ತನೆಗಳನ್ನೂ ಪೌಲನ ಎರಡು ಪತ್ರಿಕೆಗಳನ್ನೂ ಸುವಾರ್ತೆಯ ಒಂದು ಭಾಗವನ್ನೂ ಬಾಯಿಪಾಠ ಒಪ್ಪಿಸಬೇಕೆಂಬ ಕಟ್ಟಳೆಯನ್ನು ಮಾಡಿದನು. ಇದು ಒಬ್ಬ ಆಡಳಿತಗಾರನ ಲೆಕ್ಕ; ಹುಲ್ಲೆಗಳ ನಡುವೆ ಇದ್ದವನಿಗೆ ಇಪ್ಪತ್ತೈದೆಂಬ ಎಣಿಕೆ ಎಲ್ಲಿಂದ ಬಂದಿತೆಂದು ಆಶ್ಚರ್ಯಪಡುವಂತಿದೆ. ಪೀಠವು ಮನುಷ್ಯನಿಗೆ ಮೊದಲು ಕಲಿಸುವುದು ಎಣಿಕೆಯನ್ನು.

ಈ ವೃತ್ತಾಂತದ ಸತ್ತ್ವವಿರುವುದು ಮಾತ್ರ ಅದರ ಮುಂದಿನ ಭಾಗದಲ್ಲಿ. ಮರಳುಗಾಡಿನ ಹಿರಿಯರ ನುಡಿಗಳ ಸಂಗ್ರಹದಲ್ಲಿ ಆತನದೊಂದು ಪ್ರಸಂಗ ದೊರೆಯುತ್ತದೆ. ಧರ್ಮಾಧ್ಯಕ್ಷನಾದ ಮೇಲೆ ಹಿಂದಿನ ಕಠಿಣ ವ್ರತಗಳನ್ನೇ ಪಾಲಿಸಲು ಹೋಗಿ ಆತನಿಂದ ಆಗಲಿಲ್ಲ, ಮೈ ಕೇಳಲಿಲ್ಲ. ಆಗ ದೇವರ ಮುಂದೆ ಬಿದ್ದು, ಈ ಪದವಿಯ ದೆಸೆಯಿಂದ ನಿನ್ನ ಕೃಪೆ ನನ್ನನ್ನು ಬಿಟ್ಟುಹೋಯಿತೇ ಎಂದು ಕೇಳಿದನು. ಬಿಟ್ಟುಹೋಗಿಲ್ಲ, ಕಾಡಿನಲ್ಲಿ ಮನುಷ್ಯರಿಲ್ಲದ ಕಾರಣ ದೇವರೇ ನಿನ್ನನ್ನು ನೋಡಿಕೊಳ್ಳುತ್ತಿದ್ದನು, ಈಗ ಊರಲ್ಲಿ ಮನುಷ್ಯರು ನೋಡಿಕೊಳ್ಳುತ್ತಾರೆ ಎಂಬ ತಾತ್ಪರ್ಯದ ಉತ್ತರ ಬಂದಿತು. ಉತ್ತರದಲ್ಲಿ ಸಾಂತ್ವನವಿದೆ, ಆದರೆ ಕಳೆದುದನ್ನು ಮರಳಿ ಕೊಡುವ ಭರವಸೆಯಿಲ್ಲ. ಕಾಪ್ಟಿಕ್ ಚರಿತ್ರಕಾರನೂ ಇದೇ ಎಳೆಯನ್ನು ಹಿಡಿದು, ಮರಣಶಯ್ಯೆಯ ಅಫೂವಿನಿಂದ ಹಿರಿಯ ಪದವಿಗಳನ್ನು ಅರಸಬೇಡಿರೆಂಬ ಎಚ್ಚರಿಕೆಯನ್ನು ಹೇಳಿಸಿರುವನು. ವಿರಕ್ತನಾಗಿದ್ದಾಗ ಗಳಿಸಿದುದನ್ನು ಈ ಪದವಿಯಲ್ಲಿ ಬಹು ಕಷ್ಟದಿಂದ ಕಾಪಾಡಿಕೊಂಡೆನೆಂದು ಆತನ ಒಪ್ಪಿಗೆ. ಸಂತನ ಚರಿತ್ರೆಯನ್ನು ಬರೆಯುವವನು ತನ್ನ ನಾಯಕನ ಬಾಯಿಂದ ಇಂಥ ಮಾತನ್ನು ಹೊರಡಿಸುವುದು ಸಾಮಾನ್ಯವಲ್ಲ.

ಅಫೂ ಒಬ್ಬನೇ ಅಲ್ಲ. ಆ ಕಾಲದ ಕ್ರೈಸ್ತ ವಿರಕ್ತರಿಗೆ ಪೀಠವೆಂಬುದು ಬೆನ್ನಟ್ಟಿ ಬರುವ ಭೀತಿಯಾಗಿತ್ತು. ಅಮ್ಮೋನಿಯಸನೆಂಬವನು, ಅಂಗಹೀನನಿಗೆ ಪದವಿ ಸಲ್ಲದೆಂಬ ಶಾಸ್ತ್ರದ ಆಶ್ರಯ ಪಡೆಯಲು ತನ್ನ ಎಡಗಿವಿಯನ್ನೇ ಕತ್ತರಿಸಿಕೊಂಡನು. ಅಷ್ಟಕ್ಕೂ ಬಿಡದಿದ್ದಾಗ ನಾಲಗೆಯನ್ನೂ ಕೊಯ್ದುಕೊಳ್ಳುವೆನೆಂದು ಹೆದರಿಸಿ ಪಾರಾದನು. ಫ್ರಾನ್ಸಿನ ತೂರ್ ಪಟ್ಟಣದ ಮಾರ್ಟಿನನನ್ನು ರೋಗಿಯೊಬ್ಬಳನ್ನು ನೋಡಲು ಬಾ ಎಂದು ಪುಸಲಾಯಿಸಿ ಕರೆತಂದು ಧರ್ಮಾಧ್ಯಕ್ಷನನ್ನಾಗಿ ಮಾಡಿದರು. ಆತನು ಕೊನೆಯವರೆಗೂ ದೇವಾಲಯದ ಪೀಠದಲ್ಲಿ ಕೂಡದೆ ಹಳ್ಳಿಯವರ ಚಿಕ್ಕ ಮಣೆಯೊಂದರ ಮೇಲೆಯೇ ಕೂಡುತ್ತಿದ್ದನೆಂದು ಆತನ ಶಿಷ್ಯ ಸುಲ್ಪೀಸಿಯಸ್ ಬರೆದಿರುವನು. ಈ ಮಣೆಯ ಎದುರಿಗೆ ನಮ್ಮ ಶೂನ್ಯಸಿಂಹಾಸನವನ್ನು ಇರಿಸಿದಾಗ ವಿಚಾರ ಕನ್ನಡ ನೆಲಕ್ಕೆ ಬರುತ್ತದೆ.

ಅಲ್ಲಮನ ಕಥೆಯನ್ನು ನಮಗೆ ಮೊದಲು ವಿಸ್ತಾರವಾಗಿ ಹೇಳಿದವನು ಹರಿಹರ. ಅವನ ಪ್ರಭುದೇವರ ರಗಳೆಯ ಅಲ್ಲಮ ಮದ್ದಳೆಗಾರ. ಕಮಲತೆಯನ್ನು ಒಲಿದು ವರಿಸಿದವನು. ಆಕೆ ಜ್ವರದಿಂದ ತೀರಿಹೋದಾಗ ಹುಚ್ಚನಂತೆ ಅಲೆದವನು. ದುಃಖದಲ್ಲಿ ಕಾಲುಗುರಿನಿಂದ ನೆಲವನ್ನು ಕೆದಕುತ್ತ ಕುಳಿತವನಿಗೆ ಹೂತುಹೋದ ಗುಡಿಯ ಕಳಸ ಕಾಣುತ್ತದೆ. ಅಗೆದು ಒಳಹೊಕ್ಕರೆ ಅಲ್ಲಿ ಅನಿಮಿಷಯ್ಯ, ಆತನ ಅಂಗೈಯಲ್ಲಿ ಲಿಂಗ. ಮರಳುಗಾಡಿನ ಗುಹೆಗೂ ಈ ನೆಲದಡಿಯ ಗುಡಿಗೂ ಎಷ್ಟು ಹೋಲಿಕೆಯೋ ಅಷ್ಟೇ ವ್ಯತ್ಯಾಸ. ಈಜಿಪ್ತದವರು ಸಂಸಾರಕ್ಕೆ ಬೆನ್ನು ತಿರುಗಿಸಿ ಏಕಾಂತವನ್ನು ಹುಡುಕಿ ಹೋದರು. ಹರಿಹರನ ಅಲ್ಲಮ ಕಳೆದುಕೊಂಡುದನ್ನು ಹುಡುಕುತ್ತ ಏಕಾಂತದೊಳಕ್ಕೆ ಬಿದ್ದನು. ಇಂಥವನನ್ನು ಸಿಂಹಾಸನಕ್ಕೇರಿಸುವ ಗೋಜಿಗೆ ಹರಿಹರ ಹೋಗುವುದಿಲ್ಲ. ಅನುಭವಮಂಟಪದ ವೈಭವವೂ ಅವನಲ್ಲಿಲ್ಲ.

ಸುಮಾರು ಎರಡು ಶತಮಾನಗಳ ತರುವಾಯ, ೧೪೩೦ರ ಸುಮಾರಿಗೆ, ಚಾಮರಸನು ಪ್ರಭುಲಿಂಗಲೀಲೆಯನ್ನು ಬರೆದಾಗ ಈ ಅಲ್ಲಮ ಮಾಯವಾಗಿದ್ದನು. ಕಮಲತೆಯ ಸ್ಥಾನದಲ್ಲಿ ಮಾಯಾದೇವಿ ಬಂದಳು; ಮದುವೆಯಿಲ್ಲ, ಮರಣವಿಲ್ಲ, ಅಳಲಿಲ್ಲ. ಅಲ್ಲಮನು ಮದ್ದಳೆಯನ್ನು ಬಾರಿಸುವುದೂ ಲೀಲೆಗಾಗಿ. ಭಾಮಿನಿಯಲ್ಲಿ ಚಾಮರಸನಿಗಿರುವ ಹಿಡಿತ ದೊಡ್ಡದು, ಅವನ ಮಾತಿನ ತಿಳಿ ಇನ್ನೂ ದೊಡ್ಡದು; ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಕಾವ್ಯದ ಹೆಸರಿನಲ್ಲಿರುವ ‘ಲೀಲೆ’ ಎಂಬ ಒಂದು ಪದವೇ ನಾಯಕನಿಂದ ಎಲ್ಲ ನಷ್ಟದ ಸಂಭವವನ್ನೂ ಕಿತ್ತುಕೊಂಡಿದೆ. ಲೀಲೆಯಾಡುವವನಿಗೆ ಕಾಡೂ ಒಂದೆ, ಪೀಠವೂ ಒಂದೆ. ಜಮೆಯಿಲ್ಲದ ಖಾತೆಯಲ್ಲಿ ಖರ್ಚೆಲ್ಲಿಯದು?

ಹೀಗಿದ್ದರೂ ಚಾಮರಸನಲ್ಲಿಯೂ ಶೂನ್ಯಸಂಪಾದನೆಯಲ್ಲಿಯೂ ಬರುವ ಬಾಗಿಲ ಪ್ರಸಂಗವು ಈಜಿಪ್ತದ ಬಾಗಿಲಿಗಿಂತ ಆಳವಾದುದೆಂದು ಹೇಳಲೇಬೇಕು. ಸಿದ್ಧರಾಮನೊಡನೆ ಅಲ್ಲಮನು ಕಲ್ಯಾಣಕ್ಕೆ ಬಂದು ಮಹಾಮನೆಯ ಬಾಗಿಲಲ್ಲಿ ನಿಲ್ಲುತ್ತಾನೆ. ಬಸವಣ್ಣ ಲಿಂಗಪೂಜೆಯಲ್ಲಿದ್ದಾನೆ, ಎದ್ದು ಬರದೆ ಹಡಪದ ಅಪ್ಪಣ್ಣನನ್ನು ಕರೆಯಲು ಕಳುಹಿಸುತ್ತಾನೆ. ಅಲ್ಲಮ ಒಳಗೆ ಬರುವುದಿಲ್ಲ. ಜಂಗಮ ಬಾಗಿಲಲ್ಲಿರಲು ಲಿಂಗಪೂಜೆ ಯಾರಿಗಾಗಿ ಎಂಬ ಪ್ರಶ್ನೆ ಚೆನ್ನಬಸವಣ್ಣನಿಂದ ಎದ್ದ ಮೇಲೆಯೇ ಬಸವಣ್ಣ ಹೊರಗೆ ಓಡಿಬರುತ್ತಾನೆ. ಅಲೆಕ್ಸಾಂಡ್ರಿಯದಲ್ಲಿ ಬಾಗಿಲು ಕಾಯ್ದವರ ತಪ್ಪು ಉಡುಪನ್ನು ನೋಡಿದ್ದು. ಮನೆಯೊಡೆಯನಿಗೆ ಸಂಗತಿಯೇ ತಿಳಿದಿರಲಿಲ್ಲ. ಕಲ್ಯಾಣದಲ್ಲಿ ತಪ್ಪು ಮನೆಯೊಡೆಯನದು. ಅದೂ ಭಕ್ತಿಯಿಂದ ಹುಟ್ಟಿದ ತಪ್ಪು. ಪೀಠಕ್ಕೆ ಕರೆಯುವವರನ್ನೇ ಹೀಗೆ ಪರೀಕ್ಷೆಗೆ ಒಡ್ಡಿದ ಕನ್ನಡ ಕೃತಿಗಳ ಧೈರ್ಯ ಅಫೂವಿನ ಚರಿತ್ರಕಾರನಿಗೆ ಬರಲಿಲ್ಲ.

ಬಾಗಿಲಲ್ಲಿ ತೋರಿದ ಈ ಧೈರ್ಯ ಸಿಂಹಾಸನದ ಬಳಿ ಉಳಿಯಲಿಲ್ಲವೆಂಬುದೇ ವ್ಯಥೆಯ ಸಂಗತಿ. ಬಸವಣ್ಣನು ನಿರ್ಮಿಸಿದ ಶೂನ್ಯಸಿಂಹಾಸನವನ್ನು ಅಲ್ಲಮನು ಏರಿದಾಗ ಕೃತಿಗಳು ಹರ್ಷದಿಂದ ತುಂಬಿತುಳುಕುತ್ತವೆ. ಪೀಠಕ್ಕೆ ಶೂನ್ಯವೆಂದು ಹೆಸರಿಟ್ಟೊಡನೆ ಪೀಠದ ತೊಡಕು ಪರಿಹಾರವಾಯಿತೆಂಬಂತೆ ಕಥೆ ಮುಂದುವರಿಯುತ್ತದೆ. ಮಾರ್ಟಿನನು ಪೀಠವನ್ನು ಹಾಗೆಯೇ ಬಿಟ್ಟು ಮಣೆಯ ಮೇಲೆ ಕುಳಿತನು. ನಮ್ಮವರು ಮಣೆಯ ಅರ್ಥವನ್ನು ಪೀಠಕ್ಕೇ ಆರೋಪಿಸಿದರು. ತತ್ತ್ವದ ದೃಷ್ಟಿಯಿಂದ ಇದು ಭವ್ಯವಾದ ಕಲ್ಪನೆ. ಮನುಷ್ಯನ ಕಥೆಯ ದೃಷ್ಟಿಯಿಂದ ಇದೊಂದು ಜಾಣ ಉತ್ತರ.

ಈ ಜಾಣತನದ ಮೂಲವನ್ನು ಕಾಲದೇಶಗಳಲ್ಲಿ ಹುಡುಕಬೇಕು. ಚಾಮರಸನೂ ಶೂನ್ಯಸಂಪಾದನೆಯ ಮೊದಲ ಸಂಕಲನಕಾರ ಶಿವಗಣಪ್ರಸಾದಿ ಮಹಾದೇವಯ್ಯನೂ ೧೫ನೆಯ ಶತಮಾನದವರು. ವಿಜಯನಗರದಲ್ಲಿ ಪ್ರೌಢದೇವರಾಯನು ೧೪೨೪ರಿಂದ ೧೪೪೬ರ ತನಕ ಆಳಿದ ಕಾಲವದು; ನೂರೊಂದು ವಿರಕ್ತರೆಂದು ಪರಂಪರೆ ಕೊಂಡಾಡುವ ಶರಣರ ಕಾಲ. ವಿರಕ್ತರೇ ಮಠಗಳ ಒಡೆಯರಾಗುತ್ತಿದ್ದ, ದತ್ತಿಗಳನ್ನು ಪಡೆಯುತ್ತಿದ್ದ, ಅರಸರ ಮನ್ನಣೆಗೆ ಪಾತ್ರರಾಗುತ್ತಿದ್ದ ಆ ಕಾಲಕ್ಕೆ, ಪೀಠದಲ್ಲಿ ಕುಳಿತೂ ಏನನ್ನೂ ಕಳೆದುಕೊಳ್ಳದ ಒಬ್ಬ ಪೂರ್ವಜನು ಬೇಕಾಗಿದ್ದನು. ಹರಿಹರನ ಅಳುವ ಅಲ್ಲಮನಿಂದ ಆ ಕಾರ್ಯ ಆಗುವಂತಿರಲಿಲ್ಲ. ಹೀಗೆಂದಮಾತ್ರಕ್ಕೆ ಆ ಕೃತಿಗಳ ಬೆಲೆ ಕುಂದುವುದಿಲ್ಲ. ಅಫೂವಿನ ಚರಿತ್ರೆಯೂ ವಿರಕ್ತರನ್ನು ಧರ್ಮಾಧ್ಯಕ್ಷರನ್ನಾಗಿ ಮಾಡುವುದು ರೂಢಿಯಾಗಿದ್ದ ಪರಿಸರದಿಂದಲೇ ಹುಟ್ಟಿತು. ೩೫೪ರ ಸುಮಾರಿಗೇ ಅಥನೇಸಿಯಸನು ಪೀಠ ಬೇಡವೆಂದು ಓಡಿದ ಡ್ರಕಾಂಟಿಯಸನಿಗೆ ಪತ್ರ ಬರೆದು, ಹಾಗೆ ಪೀಠವೇರಿದ ವಿರಕ್ತರ ಹೆಸರುಗಳನ್ನೇ ಎಣಿಸಿ ತೋರಿಸಿದ್ದನು. ಎರಡೂ ಕಡೆಯ ಅಗತ್ಯ ಒಂದೇ. ಒಪ್ಪಿಕೊಂಡ ಸತ್ಯದ ಪ್ರಮಾಣ ಮಾತ್ರ ಬೇರೆ.

ಹಾಗಾದರೆ ಕನ್ನಡದಲ್ಲಿ ಅಫೂವಿಗೆ ಸಮನಾದವನೇ ಇಲ್ಲವೇ? ಇದ್ದಾನೆ, ಅವನನ್ನು ಸಿಂಹಾಸನದ ಮೇಲೆ ಹುಡುಕಿದವರಿಗೆ ಸಿಕ್ಕಲಾರನು. ಮುಂಬಯಿಯವರು ಅವನ ಹೆಸರಿನ ರೈಲುಗಾಡಿಯನ್ನೇ ಬಲ್ಲರು. ಇರುಳಿನಲ್ಲಿ ಹೊರಟು ದಾದರ, ಕಲ್ಯಾಣಗಳನ್ನು ದಾಟಿ (ಇದು ಬಸವಣ್ಣನ ಕಲ್ಯಾಣವಲ್ಲವೆಂದು ಊರಿಂದ ಬಂದ ಹಿರಿಯರಿಗೆ ಹೇಳುವ ಪ್ರಸಂಗ ಎಷ್ಟು ಮನೆಗಳಲ್ಲಿ ನಡೆದಿಲ್ಲ!) ಬೆಳಗಿಗೆ ಸೊಲ್ಲಾಪುರವನ್ನು ತಲಪುವ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಆ ಊರಿನ ಅಧಿದೈವವಾದ ಸಿದ್ಧರಾಮನ ಹೆಸರನ್ನು ಹೊತ್ತಿದೆ. ಆ ಊರು ಹಿಂದಿನ ಸೊನ್ನಲಿಗೆ.

ರಾಘವಾಂಕನ ಸಿದ್ಧರಾಮಚಾರಿತ್ರದಲ್ಲಿ ದನ ಕಾಯುವ ಮುಗ್ಧ ಬಾಲಕನಿಗೆ ಮಲ್ಲಯ್ಯನು ಜಂಗಮರೂಪದಲ್ಲಿ ಕಾಣಿಸಿಕೊಂಡು, ಉಣಿಸನ್ನು ಬೇಡಿ, ಹುಡುಗ ಮನೆಗೆ ಓಡಿ ತರುವಷ್ಟರಲ್ಲಿ ಕಣ್ಮರೆಯಾಗುತ್ತಾನೆ. ಮಲ್ಲಯ್ಯಾ ಎಂದು ಕೂಗುತ್ತ ಬಾಲಕನು ಶ್ರೀಶೈಲಕ್ಕೆ ಹೋಗಿ, ಅಲ್ಲಿಯೂ ಕಾಣದೆ ಕಮರಿಗೆ ಬೀಳುತ್ತಾನೆ. ಶಿವನು ಹಿಡಿದುಕೊಳ್ಳುತ್ತಾನೆ. ಕನ್ನಡ ಕಾವ್ಯದ ಅತ್ಯಂತ ಹೃದಯಂಗಮ ಸನ್ನಿವೇಶಗಳಲ್ಲಿ ಇದೊಂದು. ಆದರೆ ಅದರ ಮುಂದಿನ ತಿರುವಿನ ಕಠೋರತೆಯನ್ನು ವಿಮರ್ಶಕರು ಸಾಕಷ್ಟು ಗಮನಿಸಿದಂತೆ ತೋರುವುದಿಲ್ಲ. ಬೆಟ್ಟವನ್ನು ಬಯಸಿ ಬಂದ ಹುಡುಗನನ್ನು ಬೆಟ್ಟದಲ್ಲಿ ಇರಗೊಡದೆ ಶಿವನು ಹಿಂದಕ್ಕೆ ಕಳುಹಿಸುತ್ತಾನೆ: ಸೊನ್ನಲಿಗೆಗೆ ಹೋಗು, ಅದನ್ನೇ ಅಭಿನವ ಶ್ರೀಶೈಲವನ್ನಾಗಿ ಮಾಡು. ಅಲ್ಲಿಂದ ಮುಂದೆ ಅವನ ಬಾಳೆಲ್ಲ ಕೆರೆ, ಗುಡಿ, ಅರವಟ್ಟಿಗೆ. ಸೊಲ್ಲಾಪುರದಲ್ಲಿ ಅವನು ಸ್ಥಾಪಿಸಿದನೆನ್ನುವ ೬೮ ಲಿಂಗಗಳನ್ನು ಜನ ಇಂದಿಗೂ ಎಣಿಸುತ್ತಾರೆ. ಸಂಕ್ರಾಂತಿಯ ಜಾತ್ರೆ ಇಂದಿಗೂ ನಡೆಯುತ್ತದೆ. ಅಫೂವಿನ ಇಪ್ಪತ್ತೈದು ಕೀರ್ತನೆಗಳ ಹಾಗೆ ಇಲ್ಲಿಯೂ ಎಣಿಕೆ ಬಂದಿತು. ರಾಘವಾಂಕನಿಗೆ ಅದರಲ್ಲಿ ನಷ್ಟವೇನೂ ಕಾಣದು. ಕರ್ಮಯೋಗಿಯ ಕಥೆಯನ್ನು ಕರ್ಮದ ಮೆಚ್ಚುಗೆಯಿಂದಲೇ ಹೇಳಿ ಮುಗಿಸಿದನು. ಅಲ್ಲಮನ ಮುಖಾಮುಖಿಯೂ ಅವನಲ್ಲಿಲ್ಲ.

ಆ ಮುಖಾಮುಖಿಯನ್ನು ತಂದುದು ಶೂನ್ಯಸಂಪಾದನೆ. ಅಲ್ಲಮನು ಸೊನ್ನಲಿಗೆಗೆ ಬಂದು, ಕೆರೆ ತೋಡುತ್ತಿದ್ದವರನ್ನು ‘ಒಡ್ಡರಾಮನೆಲ್ಲಿ’ ಎಂದು ಕೇಳುತ್ತಾನೆ. ನಿಮ್ಮೊಡೆಯನು ಯೋಗಿಯಲ್ಲ, ಮಣ್ಣು ಕಲ್ಲುಗಳ ಕೆಲಸಗಾರನೆಂಬ ಚುಚ್ಚುಮಾತದು. ಕೆಲಸಗಾರರು ಕಲ್ಲು ಬೀರುತ್ತಾರೆ. ಸಿದ್ಧರಾಮನು ಉರಿಗಣ್ಣು ತೆರೆಯುತ್ತಾನೆ. ಅಲ್ಲಮನ ಎದುರಿಗೆ ಆ ಉರಿ ನಿಲ್ಲದು. ಅನಂತರದ ಸಂವಾದದಲ್ಲಿ ಸಿದ್ಧರಾಮನಿಗೆ ತಾನು ಕಟ್ಟಿದ್ದೆಲ್ಲ ತನ್ನನ್ನೇ ಕಟ್ಟಿಹಾಕಿದುದು ತಿಳಿಯುತ್ತದೆ. ಈ ಪ್ರಸಂಗವನ್ನು ಅಲ್ಲಮನ ಜಯವೆಂದು ಓದುವುದು ರೂಢಿ. ಅಫೂವನ್ನು ಓದಿ ಬಂದವರಿಗೆ ಅದು ಬೇರೆಯಾಗಿ ಕಾಣುವುದು. ಶ್ರೀಶೈಲದ ಕಮರಿಯಲ್ಲಿ ಹುಡುಗನು ಕೇಳದೆ ಬಿಟ್ಟ ಪ್ರಶ್ನೆ ಇಲ್ಲಿ ಬಾಯಿ ಪಡೆದಿದೆ. ನೀನು ಕಳುಹಿಸಿದ ಊರು ನಿನ್ನನ್ನೇ ನನ್ನಿಂದ ದೂರಮಾಡಿತೇ ಎಂದು ಅಫೂ ದೇವರನ್ನು ಕೇಳಿದನು. ಸಿದ್ಧರಾಮನನ್ನು ಮಾತ್ರ ಬೇರೊಬ್ಬನು ಬಂದು ಕೆಣಕಬೇಕಾಯಿತು. ಅಲ್ಲಮನಿಂದ ತೆಗೆದುಹಾಕಿದ ನಷ್ಟವನ್ನು ಸಂಕಲನಕಾರರು ಹೀಗೆ ಸಿದ್ಧರಾಮನ ಪಾಲಿಗೆ ಬರೆದರು.

ಇದು ಅವರಿಗೂ ಸುಲಭವಾಗಿ ಜೀರ್ಣವಾಗಲಿಲ್ಲವೆಂಬುದಕ್ಕೆ ಪಠ್ಯದಲ್ಲಿಯೇ ಪ್ರಮಾಣವಿದೆ. ಕಲ್ಯಾಣಕ್ಕೆ ಬಂದ ಸಿದ್ಧರಾಮನಿಗೆ ಚೆನ್ನಬಸವಣ್ಣನಿಂದ ಇಷ್ಟಲಿಂಗದೀಕ್ಷೆ ಆಯಿತೇ, ಆಗಬೇಕಾಗಿತ್ತೇ ಎಂಬ ಪ್ರಶ್ನೆಯ ಮೇಲೆ ಶೂನ್ಯಸಂಪಾದನೆಯ ಪರಿಷ್ಕರಣಗಳೇ ಭಿನ್ನವಾಗಿವೆ. ಮಹಾದೇವಯ್ಯನ ತರುವಾಯ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರು ಸಿದ್ಧವೀರಣ್ಣ ಈ ಮೂವರೂ ಕೃತಿಯನ್ನು ಮತ್ತೆ ಮತ್ತೆ ಕಟ್ಟಿದರು. ವಿದ್ವಾಂಸರು ಇದನ್ನು ಬಹುಮಟ್ಟಿಗೆ ಮತಾಚಾರದ ಚರ್ಚೆಯೆಂದು ತಿಳಿದಿರುವರು. ಅದು ಸರಿಯೂ ಹೌದು. ಆದರೆ ಮಿಕ್ಕ ಯಾವ ಶರಣನ ವಿಷಯದಲ್ಲಿಯೂ ಇಷ್ಟು ತೊಡಕು ಕಾಣದೆ ಈತನಲ್ಲಿಯೇ ಕಂಡುದೇಕೆ? ಪರಂಪರೆಯು ಅಲ್ಲಮ, ಚೆನ್ನಬಸವಣ್ಣರ ಅನಂತರ ಶೂನ್ಯಪೀಠದಲ್ಲಿ ಕೂಡಿಸಿದ್ದು ಈ ಸಿದ್ಧರಾಮನನ್ನೇ. ಪೀಠದ ಮೇಲೆ ಕೂಡುವವನ ಕೈಯಲ್ಲಿ ಕೆರೆಯ ಮಣ್ಣು ಇನ್ನೂ ಅಂಟಿದ್ದರೆ ಅದನ್ನು ದೀಕ್ಷೆಯ ನೀರಿನಿಂದ ತೊಳೆಯಬೇಕೇ ಬೇಡವೇ ಎಂಬ ತಬ್ಬಿಬ್ಬು ಆ ಪರಿಷ್ಕರಣಗಳಲ್ಲಿ ಇಣುಕುತ್ತಿದೆ.

ಅಲ್ಲಮನು ತತ್ತ್ವಪುರುಷ, ಅವನಲ್ಲಿ ಮನುಷ್ಯಸಹಜ ನಷ್ಟವನ್ನು ಹುಡುಕುವುದೇ ತಪ್ಪು ಎಂದು ಆಕ್ಷೇಪಿಸುವವರು ಇರಬಹುದು. ಆ ಆಕ್ಷೇಪಕ್ಕೆ ಉತ್ತರವನ್ನು ಹರಿಹರನೇ ಕೊಟ್ಟಿರುವನು. ಕಮಲತೆಯನ್ನು ಕಳೆದುಕೊಂಡು ನೆಲ ಕೆದಕಿದವನೂ ಇದೇ ಅಲ್ಲಮ. ಸಿದ್ಧರಾಮನಿಗಾದರೋ ಇಂಥ ರಕ್ಷಣೆಯ ಅಗತ್ಯವೇ ಬೀಳಲಿಲ್ಲ. ಅವನ ಸಮಾಧಿ ಇರುವುದು ಅವನು ಬಯಸಿದ ಶ್ರೀಶೈಲದಲ್ಲಲ್ಲ, ಸೊಲ್ಲಾಪುರದ ನಟ್ಟನಡುವೆ, ಕೆರೆಯ ನೀರಿನ ನಡುವಣ ಗುಡಿಯಲ್ಲಿ. ಅತ್ತ ಪೆಮ್ಜೆಯ ಅಫೂವೂ ಪ್ರತಿ ಭಾನುವಾರ ಬೋಧನೆ ಮುಗಿದೊಡನೆ ಊರ ಹೊರಗಣ ಮಠದ ಕಡೆಗೆ ನಡೆಯುತ್ತಿದ್ದನೆಂದು ಅವನ ಚರಿತ್ರಕಾರನು ಬರೆದಿರುವನು. ಆ ದಾರಿಯಲ್ಲಿ ಹುಲ್ಲೆಗಳು ಮತ್ತೆ ಕಾಣಿಸಿಕೊಂಡುವೆಂದು ಮಾತ್ರ ಅವನು ಬರೆದಿಲ್ಲ.